ರಸ್ತೆ ಮುಟ್ಟದ ಟೈರು

ತಾ. ೧೨ ಜನವರಿ

ತಂಗೀ,

ನೀವಿಬ್ಬರೂ ಮನೆಯನ್ನು ಬಾಡಿಗೆಗೆ ಕೊಟ್ಟು, ಮನೆಗಾಡಿಯೊಂದನ್ನು ಕೊಂಡು, ವರ್ಷವಿಡೀ ಊರೂರು ತಿರುಗಲು ನಿಶ್ಚಯಿಸಿರುವ ಸುದ್ದಿಯನ್ನು ನಾಲ್ಕೇ ಸಾಲಿನಲ್ಲಿ ತಿಳಿಸಿದ್ದೀಯೆ. ಅದು ನಾಲ್ಕು ಸಾಲಿನ ಸುದ್ದಿಯಲ್ಲ. ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚದ ಪೆಟ್ಟಿಗೆ ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಓಡುವ ವಾಹನವು ಪೂರ್ತಿ ಮನೆಯೂ ಅಲ್ಲ, ಪೂರ್ತಿ ಗಾಡಿಯೂ ಅಲ್ಲ. ಮನೆ ಕೆಟ್ಟರೆ ಇದ್ದಲ್ಲೇ ಇರುತ್ತದೆ. ಗಾಡಿ ಕೆಟ್ಟರೆ ನಿಲ್ಲಬಾರದ ಕಡೆ ನಿಲ್ಲುತ್ತದೆ. ಇದು ಎರಡು ಬಗೆಯಲ್ಲೂ ಕೆಡಬಲ್ಲದು.

ಆದುದರಿಂದ ಲಾರಿಯವನ ಕೈಯಲ್ಲಿ ಒಂದು ಪೆಟ್ಟಿಗೆಯನ್ನು ಕಳುಹಿಸುತ್ತಿದ್ದೇನೆ. ಕೈಕಸುಬಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ವಾಹನ ದುರಸ್ತಿಯನ್ನು ಕಲಿಸಿದವನ ತಂಗಿ ನಡುದಾರಿಯಲ್ಲಿ ನಿಂತು ಕಂಡಕಂಡವರಿಗೆ ಕೈ ಅಡ್ಡ ಹಾಕಬಾರದು.

ಪೆಟ್ಟಿಗೆಯ ಮೇಲಿನ ತಟ್ಟೆಯಲ್ಲಿ ದಿನಬಳಕೆಯ ಸಾಮಾನುಗಳಿವೆ: ಫ್ಯೂಸುಗಳು ಬಣ್ಣವಾರು ಬೇರೆ ಬೇರೆ ಡಬ್ಬಿಗಳಲ್ಲಿ, ದೀಪದ ಬಲ್ಬುಗಳು ಹತ್ತಿಯಲ್ಲಿ, ನೀರಿನ ಕೊಳವೆಯ ವಾಷರುಗಳು ದಾರದಲ್ಲಿ ಪೋಣಿಸಿ. ಕೆಳಗೆ ಸ್ಪ್ಯಾನರುಗಳು, ಅಳತೆಯನ್ನು ಹಿಡಿಯ ಮೇಲೆ ಬಣ್ಣದಲ್ಲಿ ಬರೆದಿದ್ದೇನೆ, ಕನ್ನಡಕವಿಲ್ಲದೆಯೂ ಕಾಣಬೇಕು. ಜ್ಯಾಕು ನಿಮ್ಮ ಗಾಡಿಯ ಖಾಲಿ ತೂಕಕ್ಕಲ್ಲ, ತುಂಬಿದ ತೂಕಕ್ಕೆ ಹೊಂದುವಂಥದು. ಜ್ಯಾಕಿನ ಕೆಳಗಿಡಲು ಹಲಗೆಯೂ ಗಾಲಿಗೆ ಒಡ್ಡಲು ಎರಡು ಮರದ ತುಂಡುಗಳೂ ಇವೆ. ಕುಡಿಯುವ ನೀರಿನ ಕೊಳವೆ ನೀಲಿಯದು, ಕೊಳಕು ನೀರಿನದು ಕಪ್ಪು. ಇವೆರಡೂ ಒಂದೇ ಚೀಲದಲ್ಲಿ ಎಂದೂ ಸೇರಕೂಡದು. ಗ್ಯಾಸು ಸೋರುತ್ತಿದೆಯೇ ಎಂದು ನೋಡಲು ಸಾಬೂನಿನ ನೀರನ್ನು ಬಳಸಬೇಕೇ ಹೊರತು ಬೆಂಕಿಕಡ್ಡಿಯನ್ನಲ್ಲ. ಇದನ್ನು ಬರೆಯಬೇಕಾಗಿ ಬಂದುದಕ್ಕೆ ನಾಚಿಕೆಯಾಗುತ್ತದೆ. ಆದರೆ ಕಡ್ಡಿ ಗೀರಿ ನೋಡಿದವರನ್ನು ನಾನು ಬಲ್ಲೆ.

ಪೆಟ್ಟಿಗೆಯಲ್ಲಿ ಹಿಡಿಸದ ಒಂದು ವಸ್ತುವನ್ನು ಗೋಣಿಯಲ್ಲಿ ಸುತ್ತಿ ಬೇರೆಯಾಗಿ ಕಳುಹಿಸಿದ್ದೇನೆ. ಅದು ಉಕ್ಕಿನ ಗಾಲಿಗೆ ಕೂಡಿಸಿಯೇ ಇಟ್ಟ ಟೈರು. ನಿನ್ನ ಪತ್ರದಲ್ಲಿ ಗಾಡಿಯ ಮಾದರಿಯನ್ನು ಓದಿದ ಕೂಡಲೇ ಎದ್ದು ಶೆಡ್ಡಿಗೆ ಹೋದೆ. ನಿನ್ನ ಅತ್ತಿಗೆಯೂ ನಾನೂ ಇಂಥದೇ ಒಂದು ಗಾಡಿಯನ್ನು ಸಿದ್ಧಮಾಡುತ್ತಿದ್ದುದು ನಿನಗೆ ನೆನಪಿರಬಹುದು. ಅವಳು ಹೋದ ಮೇಲೆ ಗಾಡಿ ಮಾರಿಹೋಯಿತು, ಅದಕ್ಕೆಂದು ಮೊದಲೇ ಕೊಂಡಿದ್ದ ಹೆಚ್ಚುವರಿ ಟೈರು ಉಳಿಯಿತು. ಅಳತೆ ಒಂದೇ. ಶೆಡ್ಡಿನಲ್ಲಿ ಬಿಸಿಲು ತಾಗದಂತೆ ನಿಲ್ಲಿಸಿ, ತಿಂಗಳಿಗೊಮ್ಮೆ ಕಾಲುಸುತ್ತು ತಿರುಗಿಸಿ ಇಟ್ಟಿದ್ದೇನೆ, ಒಂದೇ ಕಡೆ ಭಾರ ಬೀಳಬಾರದೆಂದು. ಒಂದು ದಿನವೂ ರಸ್ತೆಯನ್ನು ಮುಟ್ಟಿದ್ದಲ್ಲ. ಅಚ್ಚಿನಿಂದ ಬಂದ ರಬ್ಬರಿನ ಸಣ್ಣ ಕೂದಲುಗಳು ಕೂಡ ಉದುರಿಲ್ಲ. ಇಷ್ಟು ಜೋಪಾನವಾದ ಟೈರು ನಿಮಗೆ ಯಾವ ಅಂಗಡಿಯಲ್ಲಿಯೂ ಸಿಗದು.

ಭಾವನವರಿಗೆ ಹೇಳು: ಮೂವತ್ತೈದು ವರ್ಷ ರೈಲಿನ ಕೊನೆಯ ಬೋಗಿಯಲ್ಲಿ ಕುಳಿತು ಬಾವುಟ ಬೀಸಿದವರಿಗೆ ಮುಂದೆ ಕುಳಿತು ಚಕ್ರ ತಿರುಗಿಸುವುದು ಹೊಸದು. ನಿಧಾನವಾಗಿ ಓಡಿಸಲಿ.

ಪ್ರತಿ ವಾರ ನಿನ್ನ ಕಾಗದದ ದಾರಿ ನೋಡುವ,
ಅಣ್ಣ


ತಾ. ೯ ಫೆಬ್ರವರಿ

ಅಣ್ಣಾ,

ಪೆಟ್ಟಿಗೆ ಬಂದ ದಿನ ಇಬ್ಬರೂ ಸೇರಿ ಅದನ್ನು ಮೆಟ್ಟಿಲಿನಿಂದ ಒಳಗೆ ಎತ್ತಲಾರದೆ ಹೋದೆವು. ಅವರು ಸೊಂಟ ಹಿಡಿದುಕೊಂಡು ಕೂತುಬಿಟ್ಟರು. “ನಿಮ್ಮಣ್ಣ ಸಾಮಾನು ಕಳ್ಸಿದಾನೋ, ಇಡೀ ವರ್ಕ್‌ಶಾಪನ್ನೇ ಕಳ್ಸಿದಾನೋ? ಇಷ್ಟೂ ಹೇರ್ಕೊಂಡ್ರೆ ನಾವಿಬ್ರು ಕೂರೋಕೆ ಹಿಂದ್ಗಡೆ ಇನ್ನೊಂದು ಬೋಗಿ ಜೋಡಿಸ್ಬೇಕು ಕಣೆ!” ಎಂದರು. ಆಮೇಲೆ ಒಂದೊಂದನ್ನೇ ಎತ್ತಿ ನೋಡುತ್ತ, ನೀನು ಬರೆದ ಚೀಟಿಗಳನ್ನು ಗಟ್ಟಿಯಾಗಿ ಓದುತ್ತ, ಮಧ್ಯಾಹ್ನವೆಲ್ಲ ಅಲ್ಲೇ ಕಳೆದರು. ನಕ್ಕರೂ ಒಂದನ್ನೂ ಕೆಳಗಿಳಿಸಲಿಲ್ಲ.

ಮೂರನೆಯ ದಿನವೇ ತೊಟ್ಟಿಯ ಬಳಿ ನೀರು ಸೋರಿ ಹಾಸಿಗೆಯ ಅರ್ಧ ನೆನೆಯಿತು. ನಿನ್ನ ದಾರದಿಂದ ಒಂದು ವಾಷರು ಬಿಚ್ಚಿ ಹಾಕಿದೆ. ನಿಂತಿತು. ಅವರು ಪಕ್ಕದಲ್ಲಿ ಟಾರ್ಚು ಹಿಡಿದಿದ್ದವರು, “ಮೇಷ್ಟ್ರು ಒಂದಂಕ, ಗಾರ್ಡ್ ಸೊನ್ನೆ” ಎಂದರು. ಈಗ ಅದು ದಿನವೂ ನಡೆಯುವ ಆಟ. ಮೊನ್ನೆ ಪಕ್ಕದಲ್ಲಿ ಗಾಡಿ ನಿಲ್ಲಿಸಿದ್ದ ದಂತವೈದ್ಯೆಯೊಬ್ಬಳು ಹಳದಿ ಫ್ಯೂಸು ಕೇಳಿಕೊಂಡು ಬಂದಳು, ಕೊಟ್ಟೆ. ಅದಕ್ಕೂ ನಿನಗೆ ಅರ್ಧ ಅಂಕ ಬಂದಿದೆ. ಒಟ್ಟು ಆರೂವರೆಯಲ್ಲಿದ್ದೀಯೆ.

ನೀನು ಕೇಳದಿದ್ದರೂ ಹೇಳುತ್ತೇನೆ, ಅವರು ಚೆನ್ನಾಗಿ ಓಡಿಸುತ್ತಾರೆ. ಬೆಳಿಗ್ಗೆ ಚಹಾ ಕುಡಿದ ಮೇಲೆ ಗಾಡಿಯನ್ನು ಒಂದು ಸುತ್ತು ಬರುತ್ತಾರೆ, ನಾಲ್ಕು ಗಾಲಿಗಳಿಗೂ ಬೂಟಿನಿಂದ ಒದೆಯುತ್ತಾರೆ, ಬಾಗಿಲುಗಳನ್ನು ಎಳೆದು ನೋಡುತ್ತಾರೆ, ಕೊನೆಗೆ ನನ್ನತ್ತ ಕೈ ಬೀಸುತ್ತಾರೆ. ಆಮೇಲೆಯೇ ಹೊರಡುವುದು. “ಇಷ್ಟು ವರ್ಷ ದಾಟಿಹೋದ ಊರುಗಳನ್ನೇ ನೋಡಿದ್ದು. ಊರು ಎದುರಿಂದ ಬರೋದು ಹೀಗಿರತ್ತೆ ಅಂತ ಗೊತ್ತೇ ಇರ್ಲಿಲ್ಲ” ಎಂದು ಮೊನ್ನೆ ಹೇಳಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

ಒಂದು ವಿಷಯ ಬರೆಯಬೇಕೋ ಬೇಡವೋ ಎಂದುಕೊಂಡೆ. ಹೋದ ವಾರ ಟೈರಿನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, “ಹೆಚ್ಚುವರಿಗೆ ಒಂದು ಹೊಸಾದು ತಗೊಂಡ್ಬಿಡೋಣ್ವಾ?” ಎಂದರು. ನಾನು, “ಹೊಸದು ಇದೆಯಲ್ಲ, ಅಣ್ಣ ಕೊಟ್ಟಿದ್ದು” ಎಂದೆ. “ಇದೆ. ಆದ್ರೂ...” ಎಂದರು. ನನಗೆ ಯಾಕೋ ಸಿಟ್ಟು ಬಂತು. ಅತ್ತಿಗೆ ಹೋದ ಮೇಲೆ ನೀನು ಯಾರಿಗಾದರೂ ಏನಾದರೂ ಕೊಟ್ಟಿದ್ದು ಇದೇ ಮೊದಲು. ಅದನ್ನು ಬೇಡವೆನ್ನುವುದು ಹೇಗೆ? ಸಂಜೆಯವರೆಗೆ ಮಾತು ಬಿಟ್ಟೆ. ರಾಜಿಗೆಂದು ಅವರೇ ಚಹಾ ಮಾಡಿ ತಂದರು. ಅಂಗಡಿ ಹಿಂದೆ ಉಳಿಯಿತು. ನಿನ್ನ ಟೈರು ಗಾಡಿಯ ಬೆನ್ನಿಗೆ ಭದ್ರವಾಗಿದೆ.

ನೀನೂ ಒಮ್ಮೆ ಬರಬಾರದೇ? ನಾಲ್ಕು ದಿನ ಇದ್ದು ಹೋಗು.

ನಿನ್ನ ಬೆನ್ನಿಗೆ ಬಿದ್ದವಳು,
ತಂಗಿ


ತಾ. ೨೦ ಫೆಬ್ರವರಿ

ತಂಗೀ,

ವಾಷರನ್ನು ಕೈಯಿಂದ ಬಿಗಿಮಾಡಿ, ಆಮೇಲೆ ಸ್ಪ್ಯಾನರಿನಿಂದ ಕಾಲುಸುತ್ತು ಮಾತ್ರ ತಿರುಗಿಸಬೇಕು. ಅದಕ್ಕಿಂತ ಹೆಚ್ಚು ಬಿಗಿದರೆ ಸೀಳುತ್ತದೆ. ಗಾಲಿ ಬದಲಿಸುವ ಸಂದರ್ಭ ಬಂದರೆ ನಟ್ಟುಗಳನ್ನು ಒಂದರ ಪಕ್ಕ ಒಂದರಂತಲ್ಲ, ಎದುರುಬದುರಾಗಿ ಬಿಗಿಯಬೇಕು. ಐವತ್ತು ಕಿಲೋಮೀಟರು ಓಡಿದ ಬಳಿಕ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ಫ್ಯೂಸನ್ನು ದಾನ ಮಾಡಿದ್ದು ಸರಿ. ಆದರೆ ಅದೇ ಬಣ್ಣದ್ದನ್ನು ಕೊಂಡು ಡಬ್ಬಿಯನ್ನು ತುಂಬಿಸಿಡಬೇಕು. ಖಾಲಿಯಾದ ಡಬ್ಬಿಯು ಬೇಕಾದ ದಿನವೇ ನೆನಪಾಗುತ್ತದೆ.

ಟೈರಿನ ವಿಷಯ. ಭಾವನವರಿಗೆ ನನ್ನ ವಸ್ತುವಿನ ಮೇಲೆ ಸಂಶಯವಿದ್ದರೆ ಹಿಂದಕ್ಕೆ ಕಳುಹಿಸಲಿ, ನನಗೆ ಬೇಸರವಿಲ್ಲ. ಆದರೆ ಕಳುಹಿಸುವ ಮೊದಲು ಅದರ ಗೀರುಗಳಲ್ಲಿ ಒಂದು ನಾಣ್ಯವನ್ನು ನಿಲ್ಲಿಸಿ ನೋಡಲಿ, ಅರ್ಧದಷ್ಟು ಮುಳುಗುತ್ತದೆ. ಅಂಗಡಿಯವರು ವರ್ಷಗಟ್ಟಲೆ ಬಿಸಿಲಿನಲ್ಲಿ ಪೇರಿಸಿಟ್ಟು, ಧೂಳು ಒರೆಸಿ, ಹೊಸದೆಂದು ಕೊಡುವುದನ್ನು ನಾನು ಬಲ್ಲೆ. ಎಲ್ಲವನ್ನೂ ಅಂಗಡಿಯಿಂದಲೇ ಕೊಳ್ಳುವುದಾದರೆ ಮನೆಯ ಹಿರಿಯನೊಬ್ಬ ಏಕೆ ಬೇಕು?

ಬರುವ ವಿಚಾರ. ಮಂಡಿಯ ನೋವು ಇದೆ. ಮುಂದೆ ನೋಡೋಣ.

ಅಂಕಗಳನ್ನು ಸರಿಯಾಗಿ ಎಣಿಸುತ್ತಿರುವಿರೆಂದು ನಂಬಿರುವ,
ಅಣ್ಣ


ತಾ. ೧ ಏಪ್ರಿಲ್

ಮಾನ್ಯರೇ,

ನಾನು ಇಲ್ಲಿಯ ಆಸ್ಪತ್ರೆಯಲ್ಲಿ ದಾದಿ. ನಿಮ್ಮ ತಂಗಿಯವರ ಬಲಗೈಯ ಮೂಳೆ ಎರಡು ಕಡೆ ಮುರಿದಿದೆ. ಆದ್ದರಿಂದ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ಫೋನ್ ಮಾಡಿಸಲೇ ಎಂದು ಕೇಳಿದೆ. “ಬೇಡಮ್ಮ, ಬರಿ” ಎಂದರು.

ಅಣ್ಣಾ, ಮಾರ್ಚ್ ಇಪ್ಪತ್ತೇಳರಂದು ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ, ಇಳಿಜಾರಿನಲ್ಲಿ, ಅವರು ಕೂತಿದ್ದ ಬದಿಯ ಮುಂದಿನ ಟೈರು ಒಡೆಯಿತು. ಗಾಡಿ ರಸ್ತೆಯ ಅಂಚಿನ ಕಲ್ಲುಗಳನ್ನು ದಾಟಿ ಕೆಳಗೆ ಹೋಯಿತು. ಅವರು ಅಲ್ಲೇ ಹೋದರು. ಹಿಂದಿನ ದಿನ ಆ ಗಾಲಿಗೆ ಮೊಳೆ ಚುಚ್ಚಿತ್ತು. ನೀನು ಕೊಟ್ಟದ್ದನ್ನು ಹಾಕಿದ್ದೆವು. ಅವರನ್ನು ಮಣ್ಣಿಗೆ ಕೊಟ್ಟಾಯಿತು, ರೈಲಿನವರು ನಾಲ್ಕು ಜನ ಬಂದಿದ್ದರು. ನೀನು ಬರಲು ಅವಸರ ಮಾಡಬೇಡ.

ಇಷ್ಟು ಹೇಳಿ ನಿಮ್ಮ ತಂಗಿಯವರು ಗೋಡೆಯ ಕಡೆ ಮುಖ ತಿರುಗಿಸಿದರು. ಇನ್ನೂ ಏನಾದರೂ ಹೇಳುತ್ತಾರೇನೋ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದು, ಇಲ್ಲಿಗೆ ಮುಗಿಸುತ್ತಿದ್ದೇನೆ.

ಅವರ ಪರವಾಗಿ,
ಎರಡನೆಯ ವಾರ್ಡಿನ ದಾದಿ


ತಾ. ೧೦ ಏಪ್ರಿಲ್

ತಂಗೀ,

ಏನು ಬರೆಯಬೇಕೆಂದು ತಿಳಿಯದೆ ಐದು ದಿನ ಕಳೆದೆ. ಭಾವನವರಂಥ ಮನುಷ್ಯ ಮತ್ತೊಬ್ಬರಿಲ್ಲ. ನಮ್ಮ ನಡುವೆ ಮಾತು ಕಡಿಮೆಯಿತ್ತು. ಆದರೆ ಅವರು ನಕ್ಕರೆ ನನಗೆ ಒಳಗೊಳಗೇ ಹಿತವಾಗುತ್ತಿತ್ತು ಎಂಬುದನ್ನು ಅವರಿಗೆ ನಾನು ಹೇಳಿರಲಿಲ್ಲ.

ನಡೆದುದರ ಕಾರಣವನ್ನು ಶಾಂತವಾಗಿ ಯೋಚಿಸಬೇಕು. ಟೈರು ಒಡೆಯಲು ನಾನಾ ಕಾರಣಗಳಿರುತ್ತವೆ. ಗಾಳಿಯ ಒತ್ತಡವನ್ನು ಮಾಪಕದಿಂದ ನೋಡಿದ್ದಿರಾ, ಅಥವಾ ಬೂಟಿನಿಂದ ಒದ್ದು ಮಾತ್ರ ನೋಡಿದ್ದಿರಾ? ನೀರಿನ ತೊಟ್ಟಿ ತುಂಬಿತ್ತೇ? ತುಂಬಿದ್ದರೆ ಮುಂದಿನ ಗಾಲಿಗಳ ಮೇಲೆ ಭಾರ ಹೆಚ್ಚುತ್ತದೆ. ಇಳಿಜಾರಿನಲ್ಲಿ ವೇಗ ಎಷ್ಟಿತ್ತು? ಎಲ್ಲಕ್ಕಿಂತ ಮುಖ್ಯವಾಗಿ, ಹೆಚ್ಚುವರಿ ಟೈರನ್ನು ಮುಂದಿನ ಗಾಲಿಗೆ ಏಕೆ ಹಾಕಿದಿರಿ? ಹಿಂದಿನ ಗಾಲಿಯನ್ನು ಮುಂದಕ್ಕೆ ತಂದು, ಹೆಚ್ಚುವರಿಯದನ್ನು ಹಿಂದಕ್ಕೆ ಹಾಕುವುದು ಕ್ರಮ. ಇದನ್ನು ನಾನು ಪ್ರತ್ಯೇಕವಾಗಿ ಬರೆಯಲಿಲ್ಲವೆಂಬುದು ನಿಜ. ಎಲ್ಲರಿಗೂ ತಿಳಿದಿರುತ್ತದೆಂದು ಭಾವಿಸಿದೆ.

ನಾನು ಕೂಡಲೇ ಹೊರಟು ಬರಬೇಕಿತ್ತು. ಮಂಡಿ ಊದಿಕೊಂಡಿದೆ. ವೈದ್ಯರು ಮೆಟ್ಟಿಲು ಹತ್ತಬಾರದೆಂದಿದ್ದಾರೆ.

ಕೈಗೆ ಭಾರ ಕೊಡಬೇಡ. ಬೆರಳುಗಳನ್ನು ಮಾತ್ರ ಆಗಾಗ ಆಡಿಸುತ್ತಿರು.

ಅಣ್ಣ


ತಾ. ೧೫ ಮೇ

ತಂಗೀ,

ಉತ್ತರ ಬರಲಿಲ್ಲ. ಕೈ ಇನ್ನೂ ಸರಿಹೋಗಿಲ್ಲವೆಂದು ಭಾವಿಸುತ್ತೇನೆ. ಆಸ್ಪತ್ರೆಯಿಂದ ಹೊರಬಂದು ಅದೇ ಊರಿನಲ್ಲಿ ಒಂದು ಕೋಣೆ ಹಿಡಿದಿರುವೆಯೆಂದು ದಾದಿ ಎರಡು ಸಾಲು ಬರೆದು, ವಿಳಾಸ ಕಳುಹಿಸಿದ್ದಾಳೆ. ನೀನು ಹೇಳದೆಯೇ ಬರೆದಳೋ, ಹೇಳಿ ಬರೆಸಿದೆಯೋ ತಿಳಿಯದು.

ಇಲ್ಲಿ ವಿಶೇಷವಿಲ್ಲ. ಶೆಡ್ಡಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಹೋದ ಪತ್ರದಲ್ಲಿ ನಾನು ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆಯಬೇಕಾಗಿಲ್ಲ.

ಅಣ್ಣ


ತಾ. ೨೧ ಜೂನ್

ತಂಗೀ,

ಈ ಪತ್ರವನ್ನು ನಾಲ್ಕು ಬಾರಿ ಬರೆದು ಹರಿದಿದ್ದೇನೆ. ಐದನೆಯ ಬಾರಿ ಹರಿಯದಂತೆ, ಲಕೋಟೆಯ ಮೇಲೆ ವಿಳಾಸವನ್ನು ಮೊದಲೇ ಬರೆದು, ಅಂಚೆಚೀಟಿ ಅಂಟಿಸಿ ಎದುರಿಗಿಟ್ಟುಕೊಂಡಿದ್ದೇನೆ.

ಪ್ರತಿಯೊಂದು ಟೈರಿನ ಪಕ್ಕೆಯ ಮೇಲೂ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ಅದು ಹುಟ್ಟಿದ ವಾರವನ್ನು, ಕೊನೆಯೆರಡು ಇಸವಿಯನ್ನು ಹೇಳುತ್ತವೆ. ರಬ್ಬರು ಓಡಿದ್ದರಿಂದ ಮಾತ್ರ ಸವೆಯುವುದಿಲ್ಲ, ಸುಮ್ಮನೆ ಇದ್ದರೂ ಒಳಗೊಳಗೇ ಒಣಗುತ್ತದೆ. ಹೊರಗಿನ ಗೀರುಗಳು ಹೊಸದರಂತೆಯೇ ಕಾಣುತ್ತಿರುವಾಗ ಒಳಗಿನ ಪದರಗಳು ಬಿಟ್ಟುಕೊಳ್ಳುತ್ತವೆ. ಹತ್ತು ವರ್ಷ ದಾಟಿದ ಟೈರನ್ನು ಎಷ್ಟೇ ಚೆಂದವಿದ್ದರೂ ಗಾಡಿಗೆ ಹಾಕಕೂಡದು. ಇದನ್ನು ನಾನು ಪುಸ್ತಕದಲ್ಲಿ ಈಗ ಹುಡುಕಿ ಬರೆಯುತ್ತಿಲ್ಲ. ಮೂವತ್ತೊಂದು ವರ್ಷ, ಪ್ರತಿ ಜುಲೈ ತಿಂಗಳ ಎರಡನೆಯ ವಾರ, ಕರಿಹಲಗೆಯ ಮೇಲೆ ಬರೆದು ಕಲಿಸಿದ ಪಾಠ. ಅಂಕಿಗಳನ್ನು ಓದದೆ ಟೈರನ್ನು ಹೊಗಳಿದವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.

ನನ್ನ ಟೈರಿನ ಅಂಕಿಗಳನ್ನು ನಾನು ಓದಲಿಲ್ಲ.

ಓದದೆ ಇದ್ದದ್ದು ಮರೆವಿನಿಂದಲ್ಲ. ಅದನ್ನು ಹೊಸದಾಗಿ ಕೊಂಡವನು ನಾನೇ. ಅಂಗಡಿಯಿಂದ ನಿನ್ನ ಅತ್ತಿಗೆಯೂ ನಾನೂ ಉರುಳಿಸಿಕೊಂಡು ಬಂದೆವು, ಅವಳು ಒಂದು ಕಡೆ, ನಾನು ಒಂದು ಕಡೆ. ನನ್ನ ಪಾಲಿಗೆ ಅದು ಆ ದಿನದಲ್ಲೇ ನಿಂತುಬಿಟ್ಟಿತ್ತು. ಹಳೆಯದೆಂದು ಒಪ್ಪಿಕೊಳ್ಳಬೇಕಾದರೆ ಉಳಿದುದನ್ನೂ ಒಪ್ಪಿಕೊಳ್ಳಬೇಕಿತ್ತು.

ದಾದಿಯ ಪತ್ರ ಬಂದ ಮಧ್ಯಾಹ್ನವೇ ಶೆಡ್ಡಿಗೆ ಹೋದೆ. ತಿಂಗಳಿಗೊಮ್ಮೆ ಟೈರನ್ನು ತಿರುಗಿಸಿದಾಗಲೆಲ್ಲ, ತಪ್ಪಬಾರದೆಂದು, ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆಯುತ್ತಿದ್ದೆ. ಒಂದು ಸಾಲಿಗೆ ಹನ್ನೆರಡು. ಎಣಿಸಿದೆ. ಹದಿನಾಲ್ಕು ಸಾಲುಗಳಿದ್ದವು. ನೂರ ಅರವತ್ತೆಂಟು ಸಲ ಕೈಯಿಂದ ಮುಟ್ಟಿದ್ದೇನೆ, ಅಷ್ಟೇ ಸಲ ಅದರ ವಯಸ್ಸನ್ನು ನನ್ನ ಕೈಯಿಂದಲೇ ಬರೆದಿದ್ದೇನೆ, ಒಂದು ಸಲವೂ ಓದಲಿಲ್ಲ.

ಇದೆಲ್ಲ ಗೊತ್ತಿದ್ದೂ ಏಪ್ರಿಲ್ ಹತ್ತರಂದು ನಿನಗೆ ಆ ಪತ್ರವನ್ನು ಬರೆದೆ. ಗಾಳಿ, ತೊಟ್ಟಿ, ವೇಗ, ಮುಂದಿನ ಗಾಲಿ ಎಂದೆಲ್ಲ ಕೇಳಿದೆ. ಸತ್ತವರ ಮೇಲೆ ತಪ್ಪು ಹೊರಿಸಲು ಜಾಗ ಹುಡುಕುತ್ತಿದ್ದೆ. ಮಂಡಿ ಊದಿರಲಿಲ್ಲ. ಆ ದಿನ ನಾನು ಪೇಟೆಗೆ ನಡೆದುಹೋಗಿ ಬಂದಿದ್ದೆ.

ಭಾವನವರನ್ನು ಕೊಂದದ್ದು ನನ್ನ ಟೈರು. ಇದಕ್ಕಿಂತ ಸರಿಯಾದ ವಾಕ್ಯ ನನಗೆ ತಿಳಿಯದು. ತಿಳಿದಿದ್ದೂ ಎರಡೂವರೆ ತಿಂಗಳು ಬರೆಯಲಿಲ್ಲ.

ನಾನು ಬರಲೇ? ಬೇಡವೆಂದರೂ ಒಂದು ಸಾಲು ಬರೆ.

ಅಣ್ಣ


ತಾ. ೬ ಜುಲೈ

ಅಣ್ಣಾ,

ಅಕ್ಷರ ಸೊಟ್ಟಗಿದೆ, ತಾಳ್ಮೆಯಿಂದ ಓದು. ಬೆರಳುಗಳು ಇನ್ನೂ ಪೂರ್ತಿ ಮಡಚುವುದಿಲ್ಲ.

ಟೈರಿನ ವಯಸ್ಸು ನನಗೆ ಮೊದಲೇ ಗೊತ್ತಿತ್ತು. ಅಪಘಾತ ನೋಡಲು ಬಂದ ತಪಾಸಣೆಯವನು ನಾಲ್ಕನೆಯ ದಿನ ನನ್ನ ಹಾಸಿಗೆಯ ಪಕ್ಕ ನಿಂತು, “ಈ ಟೈರ್ ಯಾರು ಕೊಟ್ಟಿದ್ದಮ್ಮ?” ಎಂದು ಕೇಳಿದ. ನೆನಪಿಲ್ಲ ಎಂದೆ. ಅದರ ಮರುದಿನವೇ ದಾದಿಯ ಕೈಯಲ್ಲಿ ನಿನಗೆ ಬರೆಸಿದೆ. ನೀನು ಕೊಟ್ಟದ್ದನ್ನು ಹಾಕಿದ್ದೆವು ಎಂದಷ್ಟೇ ಹೇಳಿ ನಿಲ್ಲಿಸಿದೆ. ಉಳಿದುದನ್ನು ನೀನು ಹೇಳುತ್ತೀಯೋ ಇಲ್ಲವೋ ನೋಡಬೇಕಿತ್ತು.

ಏಪ್ರಿಲ್‌ನ ಕಾಗದವನ್ನು ದಾದಿ ನನಗೆ ಓದಿ ಹೇಳಿದಳು. ಮುಂದಿನ ಗಾಲಿಗೆ ಏಕೆ ಹಾಕಿದಿರಿ ಎಂಬಲ್ಲಿಗೆ ಬಂದಾಗ ಅವಳೇ ನಿಲ್ಲಿಸಿದಳು. ಮತ್ತೆ ಓದು ಎಂದೆ. ಮುಂದಿನ ಗಾಲಿಗೆ ಹಾಕಿದ್ದು ಏಕೆಂದರೆ, ಮೊಳೆ ಚುಚ್ಚಿದ್ದು ಮುಂದಿನ ಗಾಲಿಗೆ. ನಾವು ನಿನ್ನ ವಿದ್ಯಾರ್ಥಿಗಳಲ್ಲ, ಅಣ್ಣಾ. ಆ ದಿನದಿಂದ ಜೂನ್ ಕೊನೆಯವರೆಗೆ ನನಗೆ ಗಂಡ ಮಾತ್ರವಲ್ಲ, ಅಣ್ಣನೂ ಇರಲಿಲ್ಲ.

ಈಗ ನೀನು ಬರೆದಿದ್ದೀಯೆ. ನಾನೂ ಬರೆಯಬೇಕು.

ಮಾರ್ಚ್ ಇಪ್ಪತ್ತಾರರ ಸಂಜೆ ಗಾಲಿ ಬದಲಿಸಿ ಕೈ ಒರೆಸಿಕೊಳ್ಳುವಾಗ ಅವರು ಬಗ್ಗಿ ಟೈರಿನ ಪಕ್ಕೆಯನ್ನು ನೋಡಿದರು. ರೈಲಿನ ಬೋಗಿಗಳ ಮೈಮೇಲೆ ದುರಸ್ತಿಯ ತಾರೀಖು ಬರೆದಿರುತ್ತದಂತೆ. ಅದನ್ನು ಓದದೆ ಹಸಿರು ಬಾವುಟ ತೋರಿಸಿದವರಲ್ಲ. ಏನಾಯಿತು ಎಂದೆ. “ಏನಿಲ್ಲ ಕಣೆ. ನಾನು ರಿಟೈರ್ ಆಗೋಕೆ ಮುಂಚೆನೇ ಹುಟ್ಟಿದೆ ಇದು. ಇದಕ್ಕೂ ಪೆನ್ಷನ್ ಕೊಡಿಸ್ಬೇಕು” ಎಂದು ನಕ್ಕರು. ಆಮೇಲೆ ನಾಲ್ಕು ಅಂಕಿಗಳನ್ನು ನನಗೆ ಓದಿಸಿದರು.

ಹಾಗಾದರೆ ಇಲ್ಲೇ ನಿಲ್ಲೋಣ, ಊರಿನಿಂದ ಯಾರನ್ನಾದರೂ ಕರೆಸೋಣ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಅಂಗಡಿಯ ಮುಂದೆ ಮುನಿಸಿಕೊಂಡು ಹೊಸದನ್ನು ತಪ್ಪಿಸಿದವಳು ನಾನು. ಆ ಮಾತು ಮೇಲೆ ಬರುವುದು ನನಗೆ ಬೇಕಿರಲಿಲ್ಲ. “ಅರವತ್ತು ಕಿಲೋಮೀಟ್ರು. ನಲವತ್ತರಲ್ಲಿ ಹೋದ್ರೆ ಒಂದೂವರೆ ಗಂಟೆ. ಊರಲ್ಲಿ ಹೊಸಾದು ಹಾಕ್ಸಿ, ಇದನ್ನ ಸದ್ದಿಲ್ದೆ ಇಳಿಸ್ಬಿಡೋಣ. ಮೇಷ್ಟ್ರಿಗೆ ಮಾತ್ರ ಗೊತ್ತಾಗ್ಬಾರ್ದು. ನಿಮ್ಮತ್ತಿಗೆ ಹೋದಾಗಿಂದ ಆ ಮನುಷ್ಯ ಜೋಪಾನ ಮಾಡಿರೋದು ಇದೊಂದನ್ನೇ” ಎಂದರು. ಬೆಳಿಗ್ಗೆ ನಲವತ್ತರಲ್ಲೇ ಹೋದೆವು. ವೇಗ ಎಷ್ಟಿತ್ತೆಂದು ಕೇಳಿದ್ದೆಯಲ್ಲ, ನಲವತ್ತು. ನಾನು ಮುಳ್ಳನ್ನೇ ನೋಡುತ್ತ ಕೂತಿದ್ದೆ.

ಆದ್ದರಿಂದ ನಿನ್ನ ಟೈರು ಎಂದು ಬರೆದರೆ ಅರ್ಧ ಬರೆದಂತೆ. ಉಳಿದರ್ಧ ನನ್ನದು. ಗೊತ್ತಿದ್ದೂ ಕೈ ಬೀಸಿದವರು ಅವರು. ಅದರಲ್ಲಿ ಅವರಿಗೆ ಪಾಲು ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಬರಲೇ ಎಂದು ಕೇಳಿದ್ದೀಯೆ. ಬಾ. ಕೋಣೆ ಎರಡನೆಯ ಮಹಡಿಯಲ್ಲಿದೆ, ಕೆಳಗೆ ಬಟ್ಟೆ ಒಗೆಯುವ ಅಂಗಡಿ. ಬಾಗಿಲು ತೆಗೆಯುತ್ತೇನೆ, ಊಟ ಹಾಕುತ್ತೇನೆ. ಮಾತಾಡುತ್ತೇನೆಂದು ಮಾತು ಕೊಡಲಾರೆ. ಕ್ಷಮಿಸು ಎಂದು ಮಾತ್ರ ಕೇಳಬೇಡ. ನನ್ನ ಬಳಿ ಇಲ್ಲದ್ದನ್ನು ಕೇಳಿದಂತಾಗುತ್ತದೆ.

ಇದರ ಜೊತೆಗೆ ಒಂದು ಕಾಗದವಿದೆ. ಅವರು ನಿನಗೆ ಬರೆದದ್ದು, ಅವರ ಅಂಗಿಯ ಜೇಬಿನಲ್ಲಿತ್ತು. ಆ ಬೆಳಿಗ್ಗೆ ಹೊರಡುವ ಮೊದಲು ಗಾಡಿಯ ಮಡಚುಮೇಜಿನ ಮೇಲೆ ಕೂತು ಬರೆದರು, ಊರು ಸೇರಿದ ಕೂಡಲೇ ಅಂಚೆಗೆ ಹಾಕೋಣವೆಂದು. ಮೂವತ್ತೈದು ವರ್ಷ ಗಾರ್ಡಿನ ಪುಸ್ತಕ ತುಂಬಿಸಿದವರು. ರೈಲು ಪೂರ್ತಿ ನಿಂತು, ಗಡಿಯಾರ ನೋಡುವವರೆಗೆ ತಲುಪಿದ ಸಮಯವನ್ನು ಬರೆದವರಲ್ಲ. ಅದನ್ನು ಮುಂಚೆಯೇ ಬರೆದಿಟ್ಟದ್ದು ಅದೊಂದೇ ದಿನ. ನಿನ್ನ ಕಾಗದ ಬರುವವರೆಗೆ ಇದನ್ನು ನಿನಗೆ ಕೊಡಬಾರದೆಂದಿದ್ದೆ.

ತಂಗಿ


ತಾ. ೨೭ ಮಾರ್ಚ್

ಮೇಷ್ಟ್ರೇ,

ಅಕ್ಷರ ಬೇರೆ ಇದೆಯಲ್ಲ ಎಂದು ಕನ್ನಡಕ ಒರೆಸಿಕೊಳ್ಳಬೇಡಿ. ಬರೆಯುತ್ತಿರುವವನು ನಾನೇ. ನಿಮ್ಮ ತಂಗಿ ಪಕ್ಕದಲ್ಲಿ ನಿಂತು ತಪ್ಪು ಹುಡುಕುತ್ತಿದ್ದಾಳೆ. ಅದು ನಿಮ್ಮ ಮನೆತನದ ಕಾಯಿಲೆ ಎಂದು ಕಾಣುತ್ತದೆ.

ನಿನ್ನೆ ಜನವಸತಿಯೇ ಇಲ್ಲದ ಕಡೆ ಗಾಲಿಗೆ ಮೊಳೆ ಚುಚ್ಚಿತು. ನಟ್ಟುಗಳು ತುಕ್ಕು ಹಿಡಿದು ಕುಳಿತಿದ್ದವು, ನಾನು ಸ್ಪ್ಯಾನರಿನ ಮೇಲೆ ಹತ್ತಿ ನಿಂತರೂ ಅಲ್ಲಾಡಲಿಲ್ಲ. ಆಗ ನಿಮ್ಮ ಪೆಟ್ಟಿಗೆಯ ತಳದಲ್ಲಿ, ಇದೇಕೆ ಇದೆಯೋ ಎಂದು ನಾನು ದಿನವೂ ಬೈಯುತ್ತಿದ್ದ ಉದ್ದನೆಯ ಕಬ್ಬಿಣದ ಕೊಳವೆ ಸಿಕ್ಕಿತು. ಸ್ಪ್ಯಾನರಿನ ಹಿಡಿಗೆ ಅದನ್ನು ತೊಡಿಸಿ ಒತ್ತಿದರೆ ನಟ್ಟು ಬೆಣ್ಣೆಯಂತೆ ಬಿಟ್ಟಿತು. ಒಪ್ಪಿಕೊಂಡೆ. ನಿಮ್ಮ ಅಂಕ ಈಗ ಹತ್ತೊಂಬತ್ತು.

ನಿಮ್ಮ ಟೈರು ನಮ್ಮನ್ನು ಅರವತ್ತು ಕಿಲೋಮೀಟರು ಹೊತ್ತು ಊರು ಮುಟ್ಟಿಸಿತು. ಒಂದು ಸಲವೂ ತೂಗಾಡಲಿಲ್ಲ, ಸದ್ದು ಮಾಡಲಿಲ್ಲ. ಇಲ್ಲಿಯ ಅಂಗಡಿಯವನ ಹತ್ತಿರ ಒಂದೇ ಅಚ್ಚಿನ ಜೋಡಿ ಇದ್ದುದರಿಂದ ಮುಂದಿನ ಎರಡನ್ನೂ ಬದಲಿಸಿದೆವು. ನಿಮ್ಮದರಲ್ಲಿ ಕೊರತೆಯಿದ್ದು ಇಳಿಸಿದ್ದಲ್ಲ. ಇಂಥ ವಸ್ತುವನ್ನು ಇಷ್ಟು ಚೆನ್ನಾಗಿ ಇಟ್ಟುಕೊಂಡವರನ್ನು ನಾನು ನೋಡಿಲ್ಲ. ನಿಮ್ಮ ಮನೆಯ ಅಕ್ಕನವರು ಇದ್ದಿದ್ದರೆ ಖುಷಿಪಡುತ್ತಿದ್ದರು.

ನೀವು ಒಬ್ಬರೇ ಅಲ್ಲಿ ಕೂತು ಏನು ಮಾಡುತ್ತೀರಿ? ಮಂಡಿನೋವಿನ ಕತೆ ನನಗೆ ಹೇಳಬೇಡಿ. ನಮ್ಮಲ್ಲಿ ಇನ್ನೊಂದು ಹಾಸಿಗೆ ಇದೆ, ಮೇಲಿನದು, ಹತ್ತಲು ನಾಲ್ಕೇ ಮೆಟ್ಟಿಲು.

ಹೊರಟದ್ದು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ತಲುಪಿದ್ದು ಹತ್ತು ಗಂಟೆ ನಲವತ್ತು ನಿಮಿಷ. ದಾರಿಯಲ್ಲಿ ಬರೆಯುವಂಥದು ಏನೂ ನಡೆಯಲಿಲ್ಲ.

ನಿಮ್ಮ ಭಾವ,
ಗಾರ್ಡ್